ಮಳೆಗಾಲದ ದಬ್ಬೆಕಟ್ಟು: ಕೊಡಗಿನ ಸಾಕುಮೊಲಗಳ ಹಿಂಗಾಲು ಮುರಿತದ ಚಿಕಿತ್ಸಾಕ್ರಮ ಕುರಿತು ಒಂದು ಮರುಪರಿಶೀಲನೆ

ಸಾಕುಮೊಲದ ಹಿಂಗಾಲು ಮುರಿದಾಗ ಯಾವುದರ ನಂತರ ಯಾವುದು ಎಂಬುದಕ್ಕೆ ರೂಢಿಯಲ್ಲಿ ಒಂದು ಕ್ರಮವಿದೆ. ಮೊದಲು ಗೂಡಿನಲ್ಲಿ ವಿಶ್ರಾಂತಿ ಮತ್ತು ದಬ್ಬೆಕಟ್ಟು. ಅದು ಸಾಲದಿದ್ದರೆ ಅರಿವಳಿಕೆ ಕೊಟ್ಟು ಲೋಹದ ಕಡ್ಡಿಗಳಿಂದ ಮೂಳೆ ಜೋಡಣೆ. ಯಾವುದೂ ಫಲಿಸದಿದ್ದರೆ ಕಾಲು ತೆಗೆಯುವುದು. ನಾಯಿ, ಬೆಕ್ಕುಗಳ ಶಸ್ತ್ರಚಿಕಿತ್ಸೆಯಿಂದ ಮೊಲಕ್ಕೆ ಬಂದ ಈ ಕ್ರಮದಲ್ಲಿ ಅಂಗಚ್ಛೇದನಕ್ಕೆ ಸಿಕ್ಕಿರುವುದು ಕೊನೆಯ ಜಾಗ. ಅದನ್ನು ವೈದ್ಯನ ಸೋಲೆಂದೇ ಬಗೆಯಲಾಗುತ್ತದೆ. ಈ ಲೇಖನದ ತಕರಾರು ಇರುವುದು ಅಲ್ಲಿ. ಪಶ್ಚಿಮ ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಚರ್ಮ ಸೀಳಿ ಹೊರಬಂದಿರುವ ಪ್ರಕರಣಗಳಲ್ಲಿ, ದಬ್ಬೆಯನ್ನು ಮೊದಲ ಮೆಟ್ಟಿಲೆಂದು ಹಿಡಿಯುವುದು ತಪ್ಪು ಎಂದು ನಾನು ವಾದಿಸುತ್ತೇನೆ. ಜೋಡಣೆಯ ಶಸ್ತ್ರಚಿಕಿತ್ಸೆ ಕೈಗೆಟುಕದಿದ್ದರೆ ದಬ್ಬೆಯನ್ನು ದಾಟಿ, ಬೇಗನೆ ಕಾಲು ತೆಗೆಯುವುದೇ ಹೆಚ್ಚು ಕರುಣೆಯ ದಾರಿ ಎಂಬುದು ಈ ವಾದದ ತಿರುಳು.

ತಕರಾರಿಲ್ಲದ ವಿಷಯಗಳನ್ನು ಮೊದಲು ಮುಗಿಸಿಬಿಡಬಹುದು. ಮೊಲದ ಅಸ್ಥಿಪಂಜರ ಅದರ ದೇಹತೂಕದ ಸುಮಾರು 7ರಿಂದ 8 ಶೇಕಡಾ ಮಾತ್ರ. ಬೆಕ್ಕಿನಲ್ಲಿ ಇದು 12ರಿಂದ 13 ಶೇಕಡಾ. ಮೂಳೆಯ ಹೊರಪದರ ತೆಳು, ಅದನ್ನು ಎಳೆಯುವ ತೊಡೆಯ ಸ್ನಾಯು ಬಲಿಷ್ಠ. ಆದ್ದರಿಂದ ಮಗುವಿನ ಕೈಯಿಂದ ಜಾರಿದಾಗ, ಗೂಡಿನ ತಂತಿಜಾಲರಿಯ ತಳದಲ್ಲಿ ಪಾದ ಸಿಕ್ಕಿ ಒದ್ದಾಡಿದಾಗ, ತೋಟದ ನಾಯಿ ಬೆನ್ನಟ್ಟಿದಾಗ ಮೂಳೆ ಮುರಿಯುತ್ತದೆ. ಜಪಾನಿನಲ್ಲಿ 2007–2013ರ ನಡುವಿನ 210 ಮೂಳೆಮುರಿತದ ಮೊಲಗಳನ್ನು ಪರಿಶೀಲಿಸಿದ ಸಸಾಯಿ ಮತ್ತು ಸಂಗಡಿಗರ ಲೇಖನ 2015ರಲ್ಲಿ ಬಂತು. ಅದರಲ್ಲೂ ಮುಂದಿನ ಸಾಲಿನಲ್ಲಿರುವುದು ಟಿಬಿಯಾ, ಅಂದರೆ ಮೊಣಕಾಲಿನ ಕೆಳಗಿನ ಮೂಳೆಯೇ. ಎರಡೂ ಹಿಂಗಾಲುಗಳನ್ನು ಎಳೆಯುತ್ತಿರುವ ಮೊಲದಲ್ಲಿ ಮುರಿದಿರುವುದು ಕಾಲಾಗಿರದೆ ಸೊಂಟದ ಬೆನ್ನುಮೂಳೆಯಾಗಿರುವ ಸಾಧ್ಯತೆ ಹೆಚ್ಚು. ಎಕ್ಸ್-ರೇ ನೋಡದೆ ಯಾವ ತೀರ್ಮಾನಕ್ಕೂ ಬರಬಾರದು ಎಂಬುದರಲ್ಲೂ ಭಿನ್ನಾಭಿಪ್ರಾಯವಿಲ್ಲ.

ಮೊದಲ ಎರಡು ದಿನ ಸಾವು ಬರುವುದು ಮುರಿದ ಮೂಳೆಯಿಂದಲ್ಲ, ನಿಂತ ಕರುಳಿನಿಂದ. ನೋವಿಗೆ ಮೊಲ ಮೇವು ಬಿಡುತ್ತದೆ. ನಾರು ಹೋಗದೆ ಕರುಳಿನ ಚಲನೆ ನಿಲ್ಲುತ್ತದೆ. ಹಿಕ್ಕೆ ಸಣ್ಣದಾಗಿ, ಆಮೇಲೆ ಬೀಳುವುದೇ ನಿಲ್ಲುತ್ತದೆ. ಅರ್ಧ ದಿನ ಏನೂ ತಿನ್ನದ ಮೊಲ ತುರ್ತು ರೋಗಿ. ನೆನೆಸಿದ ಪೆಲೆಟ್ ಹಿಟ್ಟನ್ನು ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯ ಒಳಗೆ ಸ್ವಲ್ಪಸ್ವಲ್ಪವಾಗಿ ಕೊಡುವುದು ಮನೆಯವರು ಮಾಡಬಹುದಾದ ದೊಡ್ಡ ಚಿಕಿತ್ಸೆ. ಮೊಲಕ್ಕೆ ವಾಂತಿ ಮಾಡಲಾಗದು. ಆದ್ದರಿಂದ ಅರಿವಳಿಕೆಗೆ ಮುನ್ನ ನಾಯಿಯಂತೆ ಉಪವಾಸ ಕೆಡವುವ ಅಗತ್ಯವಿಲ್ಲ, ಕೆಡವುವುದು ಹಾನಿಕರವೂ ಹೌದು. ಮನೆಯಲ್ಲಿ ಮಕ್ಕಳಿಗೆಂದು ಇಟ್ಟ ಅಮಾಕ್ಸಿಸಿಲಿನ್ ದ್ರವವನ್ನು ಬಾಯಿಗೆ ಹಾಕುವ ಅಭ್ಯಾಸ ಮಾರಕ. ಪ್ರತಿಜೀವಕ ಸೇವಿಸಿದ ಮೊಲಗಳ ಭೇದಿಗೂ ಕ್ಲಾಸ್ಟ್ರಿಡಿಯಂ ಸ್ಪಿರೋಫಾರ್ಮೆಯ ವಿಷಕ್ಕೂ ಇರುವ ನಂಟನ್ನು ಬೊರಿಯೆಲ್ಲೊ ಮತ್ತು ಕಾರ್ಮನ್ 1983ರಲ್ಲೇ ತೋರಿಸಿದ್ದಾರೆ.

ನೋವಿನ ವಿಷಯದಲ್ಲೂ ಒಂದು ಮಾತು. ಮೊಲ ಸಾಮಾನ್ಯವಾಗಿ ಕೂಗುವುದಿಲ್ಲ, ಬೇಟೆಯಾಗುವ ಪ್ರಾಣಿಯ ಸ್ವಭಾವ ಅದು. ಆದರೆ ಕೀಟಿಂಗ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಮುಖಭಾವದ ಮಾಪನ ಮೊಲದ ಮುಖವನ್ನು ಓದಲು ಕಲಿಸಿದೆ. ಕಣ್ಣು ಕಿರಿದಾಗುವುದು, ಕೆನ್ನೆ ಚಪ್ಪಟೆಯಾಗುವುದು, ಮೂಗಿನ ಹೊಳ್ಳೆ ಬಿಗಿಯುವುದು, ಮೀಸೆಯ ಮತ್ತು ಕಿವಿಯ ನೆಲೆ ಬದಲಾಗುವುದು – ಇವನ್ನು ಮನೆಯಾಕೆಯೂ ಗುರುತಿಸಬಲ್ಲಳು. ಮೆಲಾಕ್ಸಿಕಾಂನ ಪ್ರಮಾಣವನ್ನು ನಾಯಿಯ ಲೆಕ್ಕದಲ್ಲಿ ಕೊಟ್ಟರೆ ಮೊಲಕ್ಕೆ ಅದು ತೀರ ಕಡಿಮೆ. ನಾಯಿಗೆ ದಿನವೂ ಕೊಡುವುದು ದೇಹತೂಕದ ಕಿಲೋಗೆ 0.1 ಮಿ.ಗ್ರಾಂ, ಫ್ರೆಡ್‌ಹೋಮ್ ತಂಡ 2013ರಲ್ಲಿ ಮೊಲಗಳಲ್ಲಿ ಪರೀಕ್ಷಿಸಿದ್ದು ಕಿಲೋಗೆ 1 ಮಿ.ಗ್ರಾಂ. ಎಷ್ಟು ಕೊಡಬೇಕೆಂಬ ನಿರ್ಧಾರ ಪಶುವೈದ್ಯರದು. ಆದರೆ ಕಡಿಮೆ ಕೊಟ್ಟು ‘ಮೊಲ ಸುಮ್ಮನಿದೆ, ನೋವಿಲ್ಲ’ ಎಂದುಕೊಳ್ಳುವುದು ನಮ್ಮ ನಡುವೆ ಈಗಲೂ ನಡೆಯುತ್ತಿರುವ ಅನ್ಯಾಯ.

ಇನ್ನು ದಬ್ಬೆಯ ಪ್ರಶ್ನೆ. ಮುರಿದ ಮೂಳೆಯ ಮೇಲಿನ ಮತ್ತು ಕೆಳಗಿನ ಕೀಲುಗಳೆರಡನ್ನೂ ಅಲುಗದಂತೆ ಹಿಡಿಯಬೇಕು ಎಂಬುದು ದಬ್ಬೆಕಟ್ಟಿನ ಮೂಲ ನಿಯಮ. ಟಿಬಿಯಾ ಮುರಿದರೆ ಮೊಣಕಾಲನ್ನೂ ಹಿಮ್ಮಡಿಯ ಕೀಲನ್ನೂ ಹಿಡಿಯಬೇಕು. ಕುಳಿತ ಮೊಲದ ಮೊಣಕಾಲು ಹೊಟ್ಟೆಯ ಪಕ್ಕಕ್ಕೆ ಮಡಚಿಕೊಂಡಿರುತ್ತದೆ. ತೊಡೆ ಮೇಲೆ ದಪ್ಪ, ಕೆಳಗೆ ಸಪೂರ. ಅಲ್ಲಿ ಸುತ್ತಿದ ಕಟ್ಟು ಕೆಲವೇ ಗಂಟೆಗಳಲ್ಲಿ ಕೆಳಗೆ ಜಾರಿ, ಮುರಿದ ಜಾಗದ ಮೇಲೆಯೇ ಬಂದು ನಿಲ್ಲುತ್ತದೆ. ಹಿಡಿಯಬೇಕಾದ ಕಟ್ಟು ಆಗ ಸನ್ನೆಗೋಲಿನಂತೆ ಮೂಳೆಯ ತುದಿಗಳನ್ನು ಮೀಟುತ್ತದೆ. ಟಿಬಿಯಾದ ಕೆಳಭಾಗದಲ್ಲಿ ಮೂಳೆಗೂ ಚರ್ಮಕ್ಕೂ ನಡುವೆ ಮಾಂಸವೇ ಇಲ್ಲದಷ್ಟು ಕಡಿಮೆ. ಮುಚ್ಚಿದ್ದ ಮುರಿತ ಹೀಗೆ ತೆರೆದ ಗಾಯವಾಗುವುದೂ ಉಂಟು.

ಎರಡನೆಯ ತೊಡಕು ಮೊಲಕ್ಕೇ ವಿಶಿಷ್ಟವಾದದ್ದು. ಮೊಲ ತನ್ನ ಮೃದು ಹಿಕ್ಕೆಯನ್ನು ಗುದದಿಂದ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಬಿ ಜೀವಸತ್ವಗಳೂ ಪ್ರೋಟೀನೂ ಅದಕ್ಕೆ ಹೀಗೆ ಒದಗುತ್ತವೆ. ಕಾಲು ನೀಟವಾಗಿ ಬಿಗಿದಿರುವ, ಕುತ್ತಿಗೆಗೆ ಕೊಳವೆಪಟ್ಟಿ ಹಾಕಿರುವ ಮೊಲ ಬಾಗಿ ಅಲ್ಲಿಗೆ ತಲುಪಲಾರದು. ತಿನ್ನದೆ ಉಳಿದ ಮೃದು ಹಿಕ್ಕೆ ಹಿಂಭಾಗದ ತುಪ್ಪಳಕ್ಕೂ ಕಟ್ಟಿಗೂ ಮೆತ್ತಿಕೊಳ್ಳುತ್ತದೆ, ಮೂತ್ರ ಅದನ್ನು ನೆನೆಸುತ್ತದೆ.

ಇಲ್ಲಿಯವರೆಗಿನದು ಎಲ್ಲಿಯ ಮೊಲಕ್ಕಾದರೂ ಸಲ್ಲುವ ಮಾತು. ಗ್ರಂಥಗಳೂ ದಬ್ಬೆಯ ಈ ಮಿತಿಗಳನ್ನು ಒಪ್ಪುತ್ತವೆ. ಅವು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಗಾಳಿಯ ತೇವವನ್ನು. ಒಣ ಹವೆಯ ಊರುಗಳ, ಬಿಸಿಗಾಳಿಯ ಯಂತ್ರವಿರುವ ಮನೆಗಳ ಮೊಲಗಳನ್ನು ನೋಡಿ ಬರೆದ ಸಲಹೆಗಳಲ್ಲಿ ‘ಕಟ್ಟನ್ನು ಒಣಗಿರಿಸಿ’ ಎಂಬುದು ಒಂದು ಸಾಲಿನ ಸೂಚನೆ. ಭಾಗಮಂಡಲದ ಸುತ್ತಮುತ್ತ ವರ್ಷಕ್ಕೆ 5000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ನಟ್ಟ ಮಳೆಗಾಲದ ಕಕ್ಕಡ ತಿಂಗಳಲ್ಲಿ ಅಲ್ಲಿ ತೊಳೆದ ಬಟ್ಟೆ ಒಲೆಯ ಮೇಲಿನ ಬಿಸಿ ಇಲ್ಲದೆ ಒಣಗುವುದಿಲ್ಲ; ದಿನಗಟ್ಟಲೆ ಕರೆಂಟು ಇರುವುದಿಲ್ಲ. ಒಲೆಯ ಬಳಿ ಮೊಲವನ್ನಿರಿಸೋಣವೆಂದರೆ ಹೊಗೆ ಅದರ ಶ್ವಾಸಕೋಶಕ್ಕೆ ಆಗದು. ಮೂತ್ರದಿಂದ ನೆಂದ ಹತ್ತಿ ಹಾಗೆಯೇ ಉಳಿದು, ಕೆಳಗಿನ ಚರ್ಮ ಬೆಂದಂತಾಗಿ, ವಾಸನೆಗೆ ನೊಣ ಬರುತ್ತದೆ. ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳ; ಕಟ್ಟಿನ ಒಳಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಗಾಬರಿಯಲ್ಲಿ ನಾಯಿಯ ಉಣ್ಣೆಗೆ ಹಾಕುವ ಫಿಪ್ರೊನಿಲ್ ಸಿಂಪಡಿಸಿದರೆ ಮೊಲ ಸಾಯಬಹುದು. ಅದು ಮೊಲಕ್ಕೆ ವಿಷ.

ಇದಕ್ಕೆ ಬರಬಹುದಾದ ಆಕ್ಷೇಪ ಸರಳ: ಕಟ್ಟನ್ನು ದಿನವೂ ಬದಲಾಯಿಸಿದರಾಯಿತು. ಆಕ್ಷೇಪ ನ್ಯಾಯವಾದದ್ದು, ನಾಯಿಯ ವಿಷಯದಲ್ಲಿ ನಾನೂ ಅದನ್ನೇ ಹೇಳುತ್ತೇನೆ. ಮೊಲದಲ್ಲಿ ಪ್ರತಿ ಬದಲಾವಣೆಯೂ ಒಂದು ಹಿಡಿತ, ಪ್ರತಿ ಹಿಡಿತವೂ ಒಂದು ಒದೆತ. ಹಿಂಗಾಲನ್ನು ಬಲವಾಗಿ ಝಾಡಿಸಿದ ಮೊಲದ ಬೆನ್ನುಮೂಳೆ ಸೊಂಟದ ಕೊನೆಯ ಕಶೇರುವಿನ ಬಳಿ ಮುರಿಯುವುದು ಸುಪರಿಚಿತ ಅಪಘಾತ. ಹೆದರಿಕೆ ಕರುಳನ್ನು ಮತ್ತೆ ನಿಲ್ಲಿಸುತ್ತದೆ. ಔಷಧ ಕೊಟ್ಟು ಮಂಪರಿನಲ್ಲಿ ಬದಲಾಯಿಸಬಹುದಾದರೂ, ಮೂಳೆ ಕೂಡಲು ಬೇಕಾದ ಹಲವು ವಾರಗಳ ಕಾಲ ಅದನ್ನು ಮಾಡಲು ಬೇಕಾದ ಕೈಗಳು ಎಲ್ಲಿವೆ? ನಾಪೋಕ್ಲಿನ ಅಥವಾ ಭಾಗಮಂಡಲದ ಕಡೆಯ ಕುಟುಂಬ ಮೊಲವನ್ನು ಬುಟ್ಟಿಯಲ್ಲಿಟ್ಟುಕೊಂಡು ಮಳೆಯಲ್ಲಿ ದಿನಬಿಟ್ಟು ದಿನ ಮಡಿಕೇರಿಗೆ ಬರಬೇಕು. ಮೂಳೆಜೋಡಣೆಗೆ ಹಾಸನದ ಪಶುವೈದ್ಯಕೀಯ ಕಾಲೇಜೋ ಬೆಂಗಳೂರಿನ ಹೆಬ್ಬಾಳವೋ ಎಂದಾದರೆ ಹಾಸನವೇ ಮಡಿಕೇರಿಯಿಂದ ನೂರು ಕಿ.ಮೀ. ದಾಟುತ್ತದೆ. ಒಮ್ಮೆ ಹೋಗಿಬರುವುದು ಸಾಧ್ಯ. ಹತ್ತು ಸಲ ಹೋಗಿಬರುವುದನ್ನು ಬಯಸುವ ಚಿಕಿತ್ಸೆ, ಕಾಗದದ ಮೇಲೆ ಎಷ್ಟೇ ಸೌಮ್ಯವಾಗಿ ಕಂಡರೂ, ಆ ಮೊಲದ ಪಾಲಿಗೆ ಸೌಮ್ಯವಲ್ಲ.

ಆದ್ದರಿಂದ ಕ್ರಮ ಹೀಗಿರಬೇಕೆಂದು ನನ್ನ ಸೂಚನೆ: ಒಂದೇ ಪಯಣದಲ್ಲಿ ಮುಗಿಯುವ ಜೋಡಣೆ ಸಾಧ್ಯವಿದ್ದರೆ ಅದು, ಇಲ್ಲವಾದರೆ, ಗಾಯ ತೆರೆದಿದ್ದರೆ, ಕೀವು ಕಟ್ಟುವ ಮೊದಲೇ ಅಂಗಚ್ಛೇದನ. ಹೊಲಿದು ಮುಚ್ಚಿದ ಚರ್ಮದ ಮೇಲೆ ಕಟ್ಟು ಬೇಕಿಲ್ಲ. ಕಟ್ಟಿಲ್ಲದ ಕಡೆ ನೆನೆಯಲು ಏನೂ ಇಲ್ಲ.

ಈ ವಾದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಸಾಕ್ಷ್ಯ ನಾರ್ಥ್‌ರಪ್ ಮತ್ತು ಸಂಗಡಿಗರ ಲೇಖನ. 2000–2009ರ ನಡುವೆ ಕಾಲು ತೆಗೆಸಿಕೊಂಡ 34 ಸಾಕುಮೊಲಗಳ ದಾಖಲೆಗಳನ್ನು ಅವರು 2014ರಲ್ಲಿ ಪ್ರಕಟಿಸಿದರು. ನಡೆಯುವುದರಲ್ಲಿ ಮತ್ತು ಮೈ ಶುಚಿಯಾಗಿಟ್ಟುಕೊಳ್ಳುವುದರಲ್ಲಿ ಹಲವು ಮೊಲಗಳಿಗೆ ತೊಂದರೆಯಾಯಿತು. ತೂಕ ಹೆಚ್ಚಿದ್ದವುಗಳ ಪಾಡು ಇನ್ನೂ ಕಷ್ಟ. ‘ಮೂರು ಕಾಲಿನಲ್ಲಿ ಮೊಲ ಆರಾಮವಾಗಿರುತ್ತದೆ’ ಎಂಬ ಹಗುರ ಭರವಸೆಯನ್ನು ಈ ದಾಖಲೆ ಸರಿಯಾಗಿಯೇ ಅಲುಗಿಸಿತು. ಕೊಡಗಿಗೆ ಈ ಎಚ್ಚರಿಕೆ ಇನ್ನಷ್ಟು ಹತ್ತಿರದ್ದು. ಇಲ್ಲಿಯ ಮನೆಗಳಲ್ಲಿ ಮುದ್ದಿಗಾಗಿ ಉಳಿದುಕೊಂಡ ಮೊಲಗಳಲ್ಲಿ ಎಷ್ಟೋ ಮಾಂಸಕ್ಕಾಗಿ ಬೆಳೆಸಿದ ತಳಿಗಳವು. ನ್ಯೂಜಿಲೆಂಡ್ ವೈಟ್, ಕೊಡೈಕನಾಲ್ ಬಳಿಯ ಮನ್ನವನೂರಿನ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಸಾಕುವ ಸೋವಿಯತ್ ಚಿಂಚಿಲ್ಲಾ, ವೈಟ್ ಜೈಂಟ್ – ಬೆಳೆದಾಗ ಇವು ಸುಮಾರು 4 ಕಿಲೋ ತೂಗುತ್ತವೆ. ಒಂದೂವರೆ ಕಿಲೋದ ಕುಳ್ಳ ತಳಿಗೆ ಹೇಳಿದ್ದನ್ನು ಇವುಗಳಿಗೆ ಹೇಳಲಾಗದು. ಮೊಲದ ಅಂಗಾಲಿಗೆ ನಾಯಿಯಂತೆ ಮೆತ್ತೆಯಿಲ್ಲ, ಇರುವುದು ತುಪ್ಪಳ ಮಾತ್ರ. ಉಳಿದ ಒಂದೇ ಹಿಂಗಾಲಿನ ಮೇಲೆ ಭಾರವೆಲ್ಲ ಬಿದ್ದು, ಒದ್ದೆ ಹಾಸಿನಲ್ಲಿ ತುಪ್ಪಳ ಸವೆದು, ಹಿಮ್ಮಡಿ ಹುಣ್ಣಾಗುತ್ತದೆ. ಅಂದರೆ ನಾನು ದಬ್ಬೆಯ ವಿರುದ್ಧ ಎತ್ತಿದ ಒದ್ದೆಯ ವಾದ ಅಂಗಚ್ಛೇದನದ ವಿರುದ್ಧವೂ ತಿರುಗಬಲ್ಲದು.

ಇದನ್ನು ನಾನು ಒಪ್ಪುತ್ತೇನೆ, ಆದರೆ ಎರಡೂ ಒದ್ದೆಗಳು ಸಮವಲ್ಲ. ಹಾಸಿನ ಒದ್ದೆ ಕಣ್ಣಿಗೆ ಕಾಣುತ್ತದೆ, ಮನೆಯವರೇ ಬದಲಾಯಿಸಬಹುದು. ಮೊಲವನ್ನು ಬಿಗಿಯಾಗಿ ಹಿಡಿಯಬೇಕಾಗಿಲ್ಲ. ತಂತಿಜಾಲರಿಯನ್ನು ತೆಗೆದು ದಪ್ಪ ಗೋಣಿಯ ಮೇಲೆ ಹಳೆಯ ಹತ್ತಿಬಟ್ಟೆ ಹಾಸಿದರೆ ಹಿಮ್ಮಡಿಗೆ ಆಸರೆಯಾಗುತ್ತದೆ. ಕಣದಲ್ಲಿ ಒಟ್ಟಿದ ಬತ್ತದ ಹುಲ್ಲು ಮಳೆಗಾಲದಲ್ಲಿ ಬೂಷ್ಟು ಹಿಡಿದಿರುವುದರಿಂದ ಹಾಸಿಗೂ ಬೇಡ, ಮೇವಿಗೂ ಬೇಡ. ಹಾಲುವಾಣದ ಎಲೆ, ಗಿನಿಹುಲ್ಲುಗಳನ್ನು ನೀರು ಆರಿಸಿ ಕೊಡಬಹುದು. ಕಾಫಿಗೂ ಮೆಣಸಿಗೂ ಬೋರ್ಡೋ ದ್ರಾವಣ ಹೊಡೆದ ತೋಟದ ನೆಲದ ಹುಲ್ಲನ್ನು ಮಾತ್ರ ಕೊಯ್ಯಬಾರದು, ಅದರಲ್ಲಿ ಮೈಲುತುತ್ತಿನ ತಾಮ್ರವಿರುತ್ತದೆ. ಹಿಂಗಾಲು ಹೋದ ಬದಿಯ ಕಿವಿಯನ್ನು ಮೊಲ ತಾನಾಗಿ ಕೆರೆದುಕೊಳ್ಳಲಾರದು. ಆ ಕಿವಿಯನ್ನು ಆಗಾಗ ಒರೆಸಿಕೊಡಬೇಕು. ಇವೆಲ್ಲ ಬದುಕಿರುವಷ್ಟು ಕಾಲ ಮಾಡಬೇಕಾದ ಕೆಲಸ, ನಿಜ. ಪ್ರಾಣಿ ಯಾರ ವಶದಲ್ಲಿದೆಯೋ ಅವರು ಅದಕ್ಕೆ ಅನಗತ್ಯ ನೋವಾಗದಂತೆ ನೋಡಿಕೊಳ್ಳಬೇಕೆಂದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 3ನೇ ಕಲಂ ಹೇಳುತ್ತದೆ. ಆ ಹೊಣೆ ಹೊರಲು ಆಗದ ಮನೆಗೆ, ನೋವಿಲ್ಲದ ಸಾವನ್ನು ಪಶುವೈದ್ಯರು ಸೂಚಿಸಿದರೆ ಅದನ್ನು ಕ್ರೌರ್ಯವೆಂದು ಕರೆಯಲು ನನಗೆ ಮನಸ್ಸಿಲ್ಲ.

ನನ್ನ ಹೇಳಿಕೆಯ ಗಡಿಗಳನ್ನು ಇನ್ನಷ್ಟು ಬಿಗಿಗೊಳಿಸಬೇಕು. ಚರ್ಮ ಸೀಳದ ಮುರಿತಕ್ಕೆ, ಬೆಳೆಯುವ ಮರಿಗಳ ಬಿರುಕಿಗೆ, ಬೆರಳ ಮೂಳೆಗಳಿಗೆ ಇದು ಅನ್ವಯಿಸುವುದಿಲ್ಲ. ಜನವರಿಯಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಿಗೂ ಅನ್ವಯಿಸುವುದಿಲ್ಲ. ಒಂದೇ ಜಿಲ್ಲೆಯಾದರೂ ಕುಶಾಲನಗರದ ಬಯಲಿನಲ್ಲಿ ಬೀಳುವ ಮಳೆ ಭಾಗಮಂಡಲದ ಕಾಲುಪಾಲಿಗೂ ಕಡಿಮೆ. ಅಲ್ಲಿಯ ಮೊಲಕ್ಕೆ ಹಳೆಯ ಕ್ರಮವೇ ಸರಿಯಿರಬಹುದು. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ, ಇನ್ನೊಂದು ಹಿಂಗಾಲಿನಲ್ಲಿ ಮೊದಲೇ ಹುಣ್ಣಿದ್ದರೆ ಅಂಗಚ್ಛೇದನದ ಮಾತೇ ಇಲ್ಲ. ಈ ವಾದ ನಿಂತಿರುವುದು ಅಂಗರಚನೆ, ಹವಾಮಾನ ಮತ್ತು ದಾರಿಯ ದೂರಗಳನ್ನು ಕೂಡಿಸಿದ ತರ್ಕದ ಮೇಲೆ. ಕೊಡಗಿನ ಮೊಲಗಳ ಎಣಿಕೆಯ ಮೇಲಲ್ಲ.

ಎಣಿಕೆ ಹೇಗಿರಬೇಕೆಂದು ಹೇಳುವುದು ಸಾಧ್ಯ. ಹೋಬಳಿಯ ಪಶು ಆಸ್ಪತ್ರೆಗಳಲ್ಲಿ ಕಾಲು ಮುರಿದ ಪ್ರತಿ ಮೊಲಕ್ಕೂ ತೂಕ, ತಿಂಗಳು, ಮುರಿದ ಮೂಳೆ, ಗಾಯ ತೆರೆದಿತ್ತೇ ಮುಚ್ಚಿತ್ತೇ, ಕಟ್ಟು ಎಷ್ಟನೆಯ ದಿನ ಜಾರಿತು, ಹಿಕ್ಕೆ ಯಾವಾಗ ಮರಳಿ ಬಿತ್ತು, ಆರು ತಿಂಗಳ ಬಳಿಕ ಉಳಿದ ಹಿಮ್ಮಡಿ ಹೇಗಿದೆ ಎಂಬ ಏಳು ವಿವರಗಳನ್ನು ಬರೆದಿಟ್ಟರೆ, ಕೆಲವು ಮಳೆಗಾಲಗಳಲ್ಲಿ ಈ ಲೇಖನದ ವಾದವನ್ನು ಒಪ್ಪಲೋ ತಳ್ಳಿಹಾಕಲೋ ಬೇಕಾದ ಆಧಾರ ಸಿಗುತ್ತದೆ. ಅದರಲ್ಲೂ 3 ಕಿಲೋ ಮೀರಿದ ಮೊಲಗಳು ಒಂದೇ ಹಿಂಗಾಲಿನಲ್ಲಿ ಎರಡನೆಯ ಮಳೆಗಾಲವನ್ನು ಹೇಗೆ ಕಳೆಯುತ್ತವೆ ಎಂಬುದರ ಮೇಲೆ ನನ್ನ ವಾದದ ಅರ್ಧ ಭಾರ ನಿಂತಿದೆ. ಮುಂಗಾಲಿನ ಮುರಿತವನ್ನು ಇಲ್ಲಿ ಕೈಗೆತ್ತಿಕೊಂಡಿಲ್ಲ. ಅಲ್ಲಿ ದಬ್ಬೆ ಜಾರುವುದು ಕಡಿಮೆ, ನೆಗೆದು ಇಳಿಯುವಾಗಿನ ಭಾರ ಬೇರೆ. ಅದನ್ನು ಪ್ರತ್ಯೇಕವಾಗಿಯೇ ವಿಚಾರಿಸಬೇಕಾಗುತ್ತದೆ.