ಹೊಗೆಸೊಪ್ಪಿನ ಹದ: ಕೆಲವು ಡಿಗ್ರಿಗಳ ಇತಿಹಾಸ

ಮಳೆಗಾಲದ ಕೊನೆಯ ದಿನಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಹೋದವರಿಗೆ ಊರಿನ ಅಂಚಿನಲ್ಲಿ ಎತ್ತರದ, ಕಿಟಕಿಗಳಿಲ್ಲದ ಕಟ್ಟಡಗಳು ಕಾಣುತ್ತವೆ. ಅವುಗಳ ಬುಡದಲ್ಲಿ ಒಲೆ, ಪಕ್ಕದಲ್ಲಿ ಸೌದೆಯ ರಾಶಿ. ರೈತರು ಇವನ್ನು ‘ಬ್ಯಾರನ್’ ಎನ್ನುತ್ತಾರೆ. ಒಳಗೆ ಕಡ್ಡಿಗಳಿಗೆ ಪೋಣಿಸಿ ಕಟ್ಟಿದ ಹೊಗೆಸೊಪ್ಪಿನ ಹಸಿರೆಲೆಗಳು ಸಾಲುಸಾಲಾಗಿ ತೂಗುತ್ತಿರುತ್ತವೆ. ಐದಾರು ದಿನ ಹಗಲೂ ರಾತ್ರಿ ರೈತ ಒಲೆಯನ್ನು ಕಾಯುತ್ತಾನೆ. ನಡುರಾತ್ರಿಯಲ್ಲೂ ಎದ್ದು ಥರ್ಮಾಮೀಟರು ನೋಡುತ್ತಾನೆ. ಎಲೆಯನ್ನು ಒಣಗಿಸುವುದಷ್ಟೇ ಉದ್ದೇಶವಾಗಿದ್ದರೆ ಇಷ್ಟೊಂದು ಕಾವಲು ಏಕೆ? ಬಿಸಿಲಿಗೆ ಹರಡಿದರೆ ಸಾಲದೆ?

ಸಾಲದು. ಏಕೆಂದರೆ ಇಲ್ಲಿ ನಡೆಯುವುದು ಬರಿಯ ಒಣಗಿಸುವಿಕೆಯಲ್ಲ. ಎಲೆಯೊಳಗಿನ ಯಾವ ಕಿಣ್ವ ಎಷ್ಟು ಹೊತ್ತು ಕೆಲಸ ಮಾಡಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವ ಕ್ರಿಯೆ ಇದು. ಆ ತೀರ್ಮಾನದ ಉಪಕರಣ ಉಷ್ಣತೆ. ಈ ಕೆಲವು ಡಿಗ್ರಿಗಳ ಅಂತರ ಇಪ್ಪತ್ತನೆಯ ಶತಮಾನದ ಒಂದು ಮಹಾವ್ಯಾಧಿಗೂ ದಾರಿ ಮಾಡಿತು. ಆ ಕಥೆಯನ್ನು ಕ್ರಮವಾಗಿ ನೋಡೋಣ.

ಕಿತ್ತ ಎಲೆ ಕೂಡಲೇ ಸಾಯುವುದಿಲ್ಲ

ಗಿಡದಿಂದ ಕಿತ್ತ ಎಲೆಯ ಜೀವಕೋಶಗಳು ಇನ್ನೂ ಜೀವಂತವಾಗಿರುತ್ತವೆ. ಎಲೆಯ ತೂಕದಲ್ಲಿ ಶೇಕಡ 80ರಿಂದ 90ರಷ್ಟು ನೀರೇ. ಹೊಸ ಆಹಾರ ತಯಾರಿಕೆ ನಿಂತಿರುವುದರಿಂದ ಕೋಶಗಳು ಕೂಡಿಟ್ಟ ಪಿಷ್ಟವನ್ನು ಬಳಸತೊಡಗುತ್ತವೆ. ಅಮೈಲೇಸ್ ಮೊದಲಾದ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಉಸಿರಾಟದಲ್ಲಿ ಆ ಸಕ್ಕರೆ ಖರ್ಚಾಗುತ್ತದೆ. ಇತ್ತ ಪತ್ರಹರಿತ್ತು ನಾಶವಾಗುತ್ತದೆ. ಅದರ ಹಸಿರಿನಲ್ಲಿ ಮರೆಯಾಗಿದ್ದ ಹಳದಿ ಬಣ್ಣದ ಕೆರೋಟಿನಾಯ್ಡುಗಳು ಕಾಣಿಸುತ್ತವೆ.

ಎಲೆಯನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ನೇತುಹಾಕಿದರೆ ಇದೆಲ್ಲ ನಿಧಾನವಾಗಿ, ಹಲವು ವಾರಗಳ ಕಾಲ ನಡೆಯುತ್ತದೆ. ಕೊನೆಗೆ ಸಕ್ಕರೆ ಬಹುಮಟ್ಟಿಗೆ ಮುಗಿದೇಹೋಗುತ್ತದೆ. ಆಮೇಲೆ ಕೋಶಗಳು ಸತ್ತು, ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವದ ಕೆಲಸದಿಂದ ಎಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕತ್ತರಿಸಿಟ್ಟ ಸೇಬು, ಬದನೆಕಾಯಿ ಕಪ್ಪಾಗುವುದೂ ಇದೇ ಬಗೆಯ ಕ್ರಿಯೆಯಿಂದ. ಅಮೆರಿಕ ಖಂಡದ ಮೂಲನಿವಾಸಿಗಳು ಬಳಸುತ್ತಿದ್ದ ಹೊಗೆಸೊಪ್ಪು ಹೀಗೆ ಗಾಳಿ, ಬಿಸಿಲು ಅಥವಾ ಹೊಗೆಯಲ್ಲಿ ಹದಗೊಂಡದ್ದು.

1492ರಲ್ಲಿ ಕೊಲಂಬಸನ ನಾವಿಕರು ಅದನ್ನು ಕಂಡ ಮೇಲೆ ಅದು ಯುರೋಪಿಗೆ, ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದಿತು. ಮೊಗಲ್ ಅಧಿಕಾರಿ ಅಸದ್ ಬೇಗ್ ಅಕ್ಬರನ ಆಸ್ಥಾನಕ್ಕೆ ಹೊಗೆಸೊಪ್ಪನ್ನು ಮೊದಲು ಒಯ್ದದ್ದು ನಮ್ಮ ಬಿಜಾಪುರದಿಂದ, ಹದಿನೇಳನೆಯ ಶತಮಾನದ ಆರಂಭದಲ್ಲಿ.

ರಾಶಿಯೊಳಗಿನ ಬಿಸಿ

ತಿಪ್ಪೆಯನ್ನು ಅಗೆದವರಿಗೆ ಒಳಗಿನ ಬಿಸಿ ಗೊತ್ತು. ಸರಿಯಾಗಿ ಒಣಗದ ಹುಲ್ಲಿನ ಬಣವೆಯೂ ಒಳಗೊಳಗೇ ಕಾಯುತ್ತದೆ. ಹೊಗೆಸೊಪ್ಪಿನ ಬೆಳೆಗಾರರು ಇದೇ ಗುಣವನ್ನು ಬಳಸಿಕೊಂಡರು. ಒಣಗಿದ ಎಲೆಗೆ ಸ್ವಲ್ಪ ತೇವ ಕೊಟ್ಟು ದೊಡ್ಡ ರಾಶಿಯಾಗಿ ಒಟ್ಟಿದರೆ ಹೊರಗಿನ ಬೆಂಕಿ ಇಲ್ಲದೆಯೇ ನಡುಭಾಗದ ಉಷ್ಣತೆ ಏರುತ್ತದೆ. ಅದು 50 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ರಾಶಿಯನ್ನು ಕೆಡವಿ, ಒಳಗಿನ ಎಲೆ ಹೊರಗೂ ಹೊರಗಿನದು ಒಳಗೂ ಬರುವಂತೆ ಮತ್ತೆ ಒಟ್ಟುತ್ತಾರೆ. ಬಿಸಿ ಮಿತಿಮೀರಿದರೆ ಎಲೆ ಕರಕಾಗಿ ಕೆಡುತ್ತದೆ; ಸಾಲದಾದರೆ ಘಾಟು ಹೋಗುವುದಿಲ್ಲ. ಈ ಕ್ರಿಯೆಯಲ್ಲಿ ಅಮೋನಿಯ ಹೊರಬೀಳುತ್ತದೆ, ಎಲೆಯ ಬಣ್ಣ ಗಾಢವಾಗುತ್ತದೆ. ಕ್ಯೂಬಾದ ಸಿಗಾರ್ ಎಲೆಯ ಪರಿಮಳಕ್ಕೆ ಈ ಹುದುಗುವಿಕೆಯೇ ಕಾರಣವೆಂದು ಹೆಸರಾಗಿತ್ತು.

ಈ ಬಿಸಿ ಎಲ್ಲಿಂದ ಬರುತ್ತದೆ? ಪಾಸ್ತರನ ಕಾಲದ ನಂತರ ಈ ಪ್ರಶ್ನೆಗೆ ಸಹಜವಾಗಿ ಬಂದ ಉತ್ತರ ಸೂಕ್ಷ್ಮಾಣುಗಳು. 1891ರಲ್ಲಿ ಜರ್ಮನಿಯ ಸುಖ್ಸ್‌ಲಾಂಡ್ ಎಂಬ ವಿಜ್ಞಾನಿ, ಉತ್ತಮ ಹೊಗೆಸೊಪ್ಪಿನಿಂದ ತೆಗೆದ ಬ್ಯಾಕ್ಟೀರಿಯಗಳನ್ನು ಸಾಧಾರಣ ಜರ್ಮನ್ ಎಲೆಗೆ ಸೇರಿಸಿದರೆ ಅದರ ಗುಣ ಸುಧಾರಿಸುತ್ತದೆ ಎಂದು ವಾದಿಸಿದ. ಅಮೆರಿಕದ ಕೃಷಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಆಸ್ಕರ್ ಲೋವ್ ಇದನ್ನು ಒಪ್ಪಲಿಲ್ಲ. ರಾಶಿಯ ಎಲೆಯಲ್ಲಿ ಬ್ಯಾಕ್ಟೀರಿಯ ವೃದ್ಧಿಗೆ ಸಾಕಾಗುವಷ್ಟು ನೀರಿಲ್ಲ, ಕೆಲಸ ನಡೆಸುವುದು ಎಲೆಯೊಳಗೇ ಉಳಿದಿರುವ ಉತ್ಕರ್ಷಣ ಕಿಣ್ವಗಳು ಎಂದು ಅವನ ವಾದ.

ಈ ಜಗಳದಿಂದ ವಿಜ್ಞಾನಕ್ಕೆ ಒಂದು ಲಾಭವಾಯಿತು. ಸಜೀವ ಅಂಗಾಂಶಗಳು ಹೈಡ್ರೊಜನ್ ಪೆರಾಕ್ಸೈಡನ್ನು ಒಡೆಯುತ್ತವೆ ಎಂಬುದು ಮೊದಲೇ ಗೊತ್ತಿತ್ತು. ಹೊಗೆಸೊಪ್ಪಿನ ಎಲೆಗಳನ್ನು ಪರೀಕ್ಷಿಸುತ್ತಿದ್ದ ಲೋವ್, ಅದಕ್ಕೆ ಪ್ರತ್ಯೇಕ ಕಿಣ್ವವೊಂದು ಕಾರಣವೆಂದು ತೋರಿಸಿ 1901ರ ತನ್ನ ವರದಿಯಲ್ಲಿ ಅದನ್ನು ‘ಕೆಟಲೇಸ್’ ಎಂಬ ಹೆಸರಿನಿಂದ ವಿವರಿಸಿದ. ಇಂದು ಶಾಲೆಯ ಪ್ರಯೋಗಾಲಯದಲ್ಲಿ ಆಲೂಗೆಡ್ಡೆಯ ಹಸಿ ಚೂರಿನ ಮೇಲೆ ಹೈಡ್ರೊಜನ್ ಪೆರಾಕ್ಸೈಡ್ ಹಾಕಿದಾಗ ಉಕ್ಕುವ ನೊರೆ ಈ ಕಿಣ್ವದ್ದೇ ಕೆಲಸ. ಬೇಯಿಸಿದ ಚೂರಿನ ಮೇಲೆ ಹಾಕಿ ನೋಡಿ, ನೊರೆ ಬರುವುದಿಲ್ಲ. ಉಷ್ಣತೆ ಕಿಣ್ವವನ್ನು ಹಾಳುಮಾಡಿದೆ. ಬ್ಯಾರನ್ನಿನ ಇಡೀ ರಹಸ್ಯ ಈ ಸಣ್ಣ ಪ್ರಯೋಗದಲ್ಲಿದೆ.

ಅಂದಹಾಗೆ, ಸುಖ್ಸ್‌ಲಾಂಡ್ ಪೂರ್ತಿ ಸೋಲಲಿಲ್ಲ. ರಾಶಿಯಲ್ಲಿ ಬ್ಯಾಕ್ಟೀರಿಯಗಳ ಪಾತ್ರವೂ ಇದೆ ಎಂಬುದನ್ನು ಇಪ್ಪತ್ತನೆಯ ಶತಮಾನದ ಸಂಶೋಧನೆಗಳು ಸ್ಥಿರಪಡಿಸಿವೆ.

1839: ಹಳದಿ ಎಲೆ

ರಾಶಿಯ ಬಿಸಿ ಒಳಗಿನದು. ಹೊರಗಿನ ಬಿಸಿಯಿಂದ ಎಲೆಯ ರಸಾಯನವನ್ನು ಬೇಕಾದಲ್ಲಿ ನಿಲ್ಲಿಸುವ ವಿಧಾನ ಬೆಳೆದದ್ದು ಅಮೆರಿಕದ ಉತ್ತರ ಕೆರೊಲಿನಾ, ವರ್ಜೀನಿಯ ರಾಜ್ಯಗಳ ಗಡಿಯಲ್ಲಿ.

ಪ್ರಚಲಿತ ವೃತ್ತಾಂತ ಹೀಗಿದೆ. 1839ರಲ್ಲಿ ಉತ್ತರ ಕೆರೊಲಿನಾದ ಕ್ಯಾಸ್ವೆಲ್ ಕೌಂಟಿಯಲ್ಲಿ ಅಬೈಷ ಸ್ಲೇಡ್ ಎಂಬ ಜಮೀನುದಾರನ ಬಳಿ ಸ್ಟೀಫನ್ ಎಂಬ ಯುವಕ ಗುಲಾಮನಾಗಿದ್ದ. ಹೊಗೆಸೊಪ್ಪಿನ ಬೆಂಕಿ ಕಾಯುವ ಕೆಲಸ ಅವನದು. ಒಂದು ರಾತ್ರಿ ನಿದ್ದೆ ಬಂದು, ಎದ್ದು ನೋಡಿದಾಗ ಬೆಂಕಿ ಆರುತ್ತಿತ್ತು. ಅವನು ಕಮ್ಮಾರಿಕೆಯ ಇದ್ದಿಲನ್ನು ತಂದು ಸುರಿದ. ಒಮ್ಮೆಲೆ ಏರಿದ ಒಣ ಬಿಸಿಗೆ ಎಲೆಗಳು ಕಂದಾಗುವ ಬದಲು ಹೊಳೆಯುವ ಹಳದಿಯಾದವು. ಇದ್ದಿಲಿನ ಪ್ರಯೋಗಗಳು ಅಲ್ಲಲ್ಲಿ ಅದಕ್ಕೂ ಮೊದಲೇ ನಡೆದಿದ್ದವೆಂದು ಇತಿಹಾಸಕಾರರು ತೋರಿಸಿದ್ದಾರೆ. ಆದ್ದರಿಂದ ಇಡೀ ವಿಧಾನ ಒಂದೇ ರಾತ್ರಿ ಹುಟ್ಟಿತೆನ್ನಲಾಗದು. ಸ್ಲೇಡ್ ಮುಂದಿನ ವರ್ಷಗಳಲ್ಲಿ ಅದನ್ನು ತಿದ್ದಿದ, 1850ರ ದಶಕದಲ್ಲಿ ನೆರೆಹೊರೆಯವರಿಗೂ ಕಲಿಸಿದ. ಆದರೆ ಕಣ್ಣಿನ ಅಳತೆಯಲ್ಲಿ ಬೆಂಕಿಯನ್ನು ಬಲ್ಲವನು ಸ್ಟೀಫನ್. ಆ ಅರಿವಿನ ಹಣ ಸೇರಿದ್ದು ಒಡೆಯನಿಗೆ.

ಆ ಸೀಮೆಯ ಮರಳು ಮಿಶ್ರಿತ ಬಡ ಮಣ್ಣು ಕೂಡ ಇದಕ್ಕೆ ನೆರವಾಯಿತು. ಸಾರಜನಕ ಕಡಿಮೆ ಇರುವ ಮಣ್ಣಿನಲ್ಲಿ ಬೆಳೆದ ಎಲೆಯಲ್ಲಿ ಪಿಷ್ಟ ಹೆಚ್ಚು, ಹಸಿರು ಬೇಗ ಕರಗುತ್ತದೆ. ಯಾವ ಬೆಳೆಗೂ ಬಾರದ ಭೂಮಿಗೆ ಇದ್ದಕ್ಕಿದ್ದಂತೆ ಬೆಲೆ ಬಂತು.

ಇದ್ದಿಲಿನ ಬೆಂಕಿಯನ್ನು ಎಲೆಯ ಕೆಳಗೇ ಇಡಬೇಕಿತ್ತು. ಕಿಡಿ ಹಾರಿದರೆ ಇಡೀ ಕಟ್ಟಡ ಭಸ್ಮ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಲೆಯನ್ನು ಗೋಡೆಯ ಹೊರಕ್ಕೆ ತಂದು, ಬಿಸಿಗಾಳಿ ಮತ್ತು ಹೊಗೆಯನ್ನು ಲೋಹದ ಕೊಳವೆಗಳಲ್ಲಿ ಒಳಗೆ ಸುತ್ತಿಸಿ ಚಿಮಣಿಯಿಂದ ಹೊರಬಿಡುವ ವ್ಯವಸ್ಥೆ ಹರಡಿತು. ಎಲೆಗೆ ಕಾವು ಮಾತ್ರ ತಗಲುತ್ತದೆ, ಹೊಗೆ ತಗಲುವುದಿಲ್ಲ. ಹುಣಸೂರಿನ ಬ್ಯಾರನ್ ಇದೇ ವಂಶದ್ದು.

ಬ್ಯಾರನ್ನಿನ ಒಳಗೆ

ಥರ್ಮಾಮೀಟರು ಬಂದ ಮೇಲೆ ಅನುಭವ ಸೂತ್ರವಾಯಿತು. ಇದರಲ್ಲಿ ಮುಖ್ಯವಾಗಿ ಮೂರು ಹಂತಗಳಿವೆ.

ಮೊದಲನೆಯದು ಹಳದಿಯಾಗಿಸುವ ಹಂತ. ಸುಮಾರು 32ರಿಂದ 40 ಡಿಗ್ರಿ, ಜೊತೆಗೆ ಹೆಚ್ಚಿನ ತೇವಾಂಶ. ಕೋಶಗಳು ಜೀವಂತವಾಗಿದ್ದು ಕಿಣ್ವಗಳು ಚುರುಕಾಗಿ ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ, ಹಸಿರು ಕರಗುತ್ತದೆ. ಎರಡನೆಯದು ಎಲೆಯ ಹಾಳೆಯನ್ನು ಒಣಗಿಸುವ ಹಂತ. ತೇವವನ್ನು ಹೊರಬಿಡುತ್ತ ಉಷ್ಣತೆಯನ್ನು ಮೆಲ್ಲಗೆ 50ರಿಂದ 60 ಡಿಗ್ರಿಯವರೆಗೆ ಏರಿಸುತ್ತಾರೆ. ಕಂದು ಬಣ್ಣ ತರುವ ಕಿಣ್ವಕ್ಕೆ ನೀರು ಸಿಗದಂತೆ ಮಾಡಿ ಹಳದಿಯನ್ನು ‘ನಿಲ್ಲಿಸುವುದು’ ಇಲ್ಲಿಯೇ. ಮೂರನೆಯದು ದಪ್ಪನೆಯ ನಡುನರವನ್ನು ಒಣಗಿಸುವ ಹಂತ. ಇದಕ್ಕೆ ಸುಮಾರು 70 ಡಿಗ್ರಿ ಬೇಕು.

ಅವಸರ ಮಾಡಿದರೆ ಹಸಿರು ಕರಗುವ ಮೊದಲೇ ಕೋಶಗಳು ಸತ್ತು ಎಲೆ ಹಸಿರಾಗಿಯೇ ಒಣಗುತ್ತದೆ. ನೀರು ಹೋಗುವ ಮೊದಲೇ ಬಿಸಿ ಏರಿದರೆ ಕೋಶಗಳು ಒಡೆದು ಎಲೆ ಬೆಂದಂತಾಗಿ ಕಪ್ಪಾಗುತ್ತದೆ. ಉಷ್ಣತೆಯ ಜೊತೆ ತೇವಾಂಶವನ್ನೂ ಅಳೆಯಲು ಒಣ ಮತ್ತು ಒದ್ದೆ ಬುರುಡೆಗಳ ಎರಡು ಥರ್ಮಾಮೀಟರುಗಳನ್ನು ಬಳಸುವುದು ಇದಕ್ಕಾಗಿ. ಭೌತವಿಜ್ಞಾನದ ಪಾಠದ ಆರ್ದ್ರತಾಮಾಪಕಕ್ಕೆ ಇಂಥ ಉಪಯೋಗವೂ ಇದೆ.

ಸಕ್ಕರೆಯಿಂದ ಶ್ವಾಸಕೋಶಕ್ಕೆ

ಹೀಗೆ ಹದಗೊಂಡ ಎಲೆಯಲ್ಲಿ ಸಕ್ಕರೆ ಉಸಿರಾಟದಲ್ಲಿ ಖರ್ಚಾಗುವ ಮೊದಲೇ ಕೋಶಗಳು ಸತ್ತಿರುತ್ತವೆ. ಆದ್ದರಿಂದ ಒಣ ತೂಕದ ಶೇಕಡ 10ರಿಂದ 25ರಷ್ಟು ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಇದೊಂದು ಸಣ್ಣ ವ್ಯತ್ಯಾಸವೆಂದು ಕಾಣಬಹುದು. ಆದರೆ ಪರಿಣಾಮ ದೊಡ್ಡದು.

ಸಕ್ಕರೆ ಸುಟ್ಟಾಗ ಆಮ್ಲಗಳು ಹುಟ್ಟುತ್ತವೆ. ಗಾಳಿಯಲ್ಲಿ ಒಣಗಿ ಹುದುಗಿದ ಸಿಗಾರ್ ಎಲೆಯ ಹೊಗೆ ಪ್ರತ್ಯಾಮ್ಲೀಯ. ಅಂಥ ಹೊಗೆಯಲ್ಲಿ ನಿಕೊಟಿನ್‌ನ ಹೆಚ್ಚಿನ ಪಾಲು ಮುಕ್ತ ಕ್ಷಾರದ ರೂಪದಲ್ಲಿದ್ದು ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ಹೊಗೆ ಗಂಟಲನ್ನು ಕೆರಳಿಸುವುದರಿಂದ ಅದನ್ನು ಎದೆಗೆ ಎಳೆದುಕೊಳ್ಳುವವರು ಕಡಿಮೆ. ಹಳದಿ ಎಲೆಯ ಹೊಗೆ ಆಮ್ಲೀಯ, ಮೃದು. ಅದರಲ್ಲಿನ ನಿಕೊಟಿನ್ ಬಾಯಿಯಲ್ಲಿ ಸರಿಯಾಗಿ ಹೀರಿಕೆಯಾಗದು. ಹೊಗೆಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳಲೇಬೇಕು. ಎಳೆದುಕೊಂಡರೆ ಶ್ವಾಸಕೋಶದ ವಿಶಾಲ ಮೇಲ್ಮೈಯಿಂದ ನಿಕೊಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಚಟ ಅಂಟುವುದು ಸುಲಭವಾಯಿತು.

1881ರಲ್ಲಿ ಜೇಮ್ಸ್ ಬೊನ್ಸಾಕ್ ಸಿಗರೇಟು ಸುತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದ. ಉತ್ತರ ಕೆರೊಲಿನಾದ ಜೇಮ್ಸ್ ಡ್ಯೂಕ್ ಅದನ್ನು ಬಳಸಿ ಸಿಗರೇಟನ್ನು ಅಗ್ಗ ಮಾಡಿದ. ಬೆಂಕಿಕಡ್ಡಿ, ಜಾಹೀರಾತು, ಎರಡು ಮಹಾಯುದ್ಧಗಳು ಉಳಿದ ಕೆಲಸ ಮಾಡಿದವು. ಉಷ್ಣತೆಯೊಂದೇ ಕಾರಣವೆನ್ನುವುದು ತಪ್ಪು. ಬಿಸಿಲಿನಲ್ಲಿ ಒಣಗಿದ ನಿಪ್ಪಾಣಿಯ ಸೊಪ್ಪಿನ ಬೀಡಿಯನ್ನೂ ಜನ ಎದೆಗೆ ಎಳೆಯುತ್ತಾರೆ. ಆದರೂ ಜಗತ್ತಿನಾದ್ಯಂತ ಹರಡಿದ ಸಿಗರೇಟಿನ ತಳಹದಿ ಈ ಹಳದಿ ಎಲೆ. 1950ರಲ್ಲಿ ಬ್ರಿಟನ್ನಿನ ಡಾಲ್ ಮತ್ತು ಹಿಲ್, ಅಮೆರಿಕದ ವಿಂಡರ್ ಮತ್ತು ಗ್ರಹಾಂ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಪ್ರಕಟಿಸಿದಾಗ ಇಡೀ ಒಂದು ತಲೆಮಾರು ಅಭ್ಯಾಸಕ್ಕೆ ಬಿದ್ದಾಗಿತ್ತು.

ಮತ್ತೊಂದು ಎಚ್ಚರಿಕೆ

ಹದಗೊಳಿಸುವಿಕೆಯಲ್ಲೇ ವಿಷ ಹುಟ್ಟಬಹುದೆಂಬುದು ಆಮೇಲೆ ತಿಳಿಯಿತು. ಸುಡದ ಹೊಗೆಸೊಪ್ಪಿನಲ್ಲೇ ನೈಟ್ರೊಸಮೀನ್ ಎಂಬ ಸಂಯುಕ್ತಗಳಿರುವುದನ್ನು 1974ರಲ್ಲಿ ಹಾಫ್‌ಮನ್, ಹೆಕ್ಟ್ ಮತ್ತು ಸಂಗಡಿಗರು ವರದಿ ಮಾಡಿದರು. ಇವುಗಳಲ್ಲಿ ಎರಡು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ.

ಇವು ಬರುವ ದಾರಿ ಎರಡು. ತೇವದ ರಾಶಿಯಲ್ಲಿ ಕೆಲವು ಬ್ಯಾಕ್ಟೀರಿಯಗಳು ನೈಟ್ರೇಟನ್ನು ನೈಟ್ರೈಟಾಗಿಸುತ್ತವೆ, ಅದು ಎಲೆಯ ಆಲ್ಕಲಾಯ್ಡುಗಳೊಡನೆ ಸೇರುತ್ತದೆ. ಎರಡನೆಯದು ಬ್ಯಾರನ್ನಿನದು. ಅಮೆರಿಕದಲ್ಲಿ ಗ್ಯಾಸಿನ ಜ್ವಾಲೆಯ ಅನಿಲಗಳನ್ನು ನೇರವಾಗಿ ಎಲೆಯ ಮೇಲೆ ಹಾಯಿಸುವ ಬ್ಯಾರನ್ನುಗಳು ಬಳಕೆಗೆ ಬಂದಿದ್ದವು. ಆ ಅನಿಲದ ನೈಟ್ರೊಜನ್ ಆಕ್ಸೈಡುಗಳೇ ನೈಟ್ರೊಸಮೀನಿಗೆ ಕಾರಣವೆಂದು ತಿಳಿದ ಮೇಲೆ, 2000ದ ಆಸುಪಾಸಿನಲ್ಲಿ ಅವುಗಳಿಗೆ ಶಾಖವಿನಿಮಯಕಗಳನ್ನು ಜೋಡಿಸಿದರು. ಹೊಗೆಯನ್ನು ಕೊಳವೆಯೊಳಗೇ ಇಡುವ ಹಳೆಯ ಪದ್ಧತಿಗೆ ಮರಳಿದಂತಾಯಿತು. ಆದರೆ ನೈಟ್ರೊಸಮೀನು ಕಡಿಮೆಯಾದ ಮಾತ್ರಕ್ಕೆ ಸಿಗರೇಟು ಸುರಕ್ಷಿತವಾಗುವುದಿಲ್ಲ. ಅದರ ಹೊಗೆಯಲ್ಲಿ ಬೇರೆ ಕ್ಯಾನ್ಸರುಕಾರಕಗಳು ಹಲವಾರಿವೆ.

ನಮ್ಮ ಸೌದೆ, ನಮ್ಮ ರೈತ

ಭಾರತದಲ್ಲಿ ಈ ಬಗೆಯ ವರ್ಜೀನಿಯ ಹೊಗೆಸೊಪ್ಪು 1920ರ ದಶಕದಲ್ಲಿ ಗುಂಟೂರು ಸೀಮೆಯಲ್ಲಿ ಬೇರೂರಿತು, ಆಮೇಲೆ ಮೈಸೂರು ಸೀಮೆಗೂ ಹಬ್ಬಿತು. ರಾಜಮಹೇಂದ್ರಿಯಲ್ಲಿ 1947ರಲ್ಲಿ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ ಆರಂಭವಾಯಿತು. 1975ರ ಕಾಯಿದೆಯಂತೆ ತಂಬಾಕು ಮಂಡಳಿ ರೂಪುಗೊಂಡಿತು. 2003ರಲ್ಲಿ ಅದೇ ಸಂಸತ್ತು ಸಾರ್ವಜನಿಕ ಸ್ಥಳದ ಧೂಮಪಾನವನ್ನೂ ಜಾಹೀರಾತನ್ನೂ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಬೆಳೆಸುವ ಕೈ, ತಡೆಯುವ ಕೈ ಎರಡೂ ಒಂದೇ ಸರ್ಕಾರದ್ದು.

ಒಂದು ಕಿಲೋ ಎಲೆ ಹದವಾಗಲು ಹಲವು ಕಿಲೋ ಸೌದೆ ಬೇಕು. ಆ ಸೌದೆಯ ಹೊರೆ ಸುತ್ತಲಿನ ಮರಗಳ ಮೇಲೆ ಬೀಳುತ್ತದೆ. ಗೋಡೆ, ಚಾವಣಿಗಳಿಂದ ಸೋರುವ ಶಾಖವನ್ನು ತಡೆಯುವುದು, ಒಲೆಯನ್ನು ಸುಧಾರಿಸುವುದು, ಸೌದೆಗೆ ಬದಲು ಕೃಷಿ ತ್ಯಾಜ್ಯದ ಉಂಡೆ ಸುಡುವುದು ಇವೆಲ್ಲ ಉಪಯುಕ್ತವಾದ ಕ್ರಮಗಳೇ. ಆದರೆ ಅವು ಉತ್ತರಿಸುವುದು ‘ಹೇಗೆ’ ಎಂಬ ಪ್ರಶ್ನೆಗೆ ಮಾತ್ರ.

ನಡುರಾತ್ರಿ ಎದ್ದು ಥರ್ಮಾಮೀಟರು ನೋಡುವ ರೈತ ನಿಜಕ್ಕೂ ನುರಿತ ಜೀವರಸಾಯನ ತಂತ್ರಜ್ಞ. ಕಿಣ್ವ, ತೇವ, ಕಾವುಗಳ ಲೆಕ್ಕ ಅವನ ಕಣ್ಣಿನಲ್ಲಿದೆ. ಇದೇ ಬಗೆಯ ಜಾಣ್ಮೆ ಕೋಕೊ, ಚಹಾ, ಏಲಕ್ಕಿಗಳನ್ನು ಹದ ಮಾಡುವುದಕ್ಕೂ ಬೇಕು. ಕುಶಲತೆಯನ್ನು ಕಳೆಯದೆ ಬೆಳೆಯನ್ನು ಬದಲಿಸಲು ಅವನಿಗೆ ಮಾರುಕಟ್ಟೆ, ಸಾಲ, ಸಲಹೆ ಒದಗಬೇಕು. 1839ರಲ್ಲಿ ಇದ್ದಿಲು ಸುರಿದವನಿಗೆ ಮುಂದೇನಾಗುವುದೆಂದು ತಿಳಿಯುವಂತಿರಲಿಲ್ಲ. ನಮಗೆ ತಿಳಿದಿದೆ.