ಎಲೆಯ ಕಟ್ಟು, ಇನ್ನೂರು ಪುಟದ ನೋಟುಬುಕ್ಕು

ಟ್ಯಾರೋ ಎಂಬ ಮಾತು ಈಗ ನಮ್ಮಂಥ ತಾಲ್ಲೂಕು ಊರುಗಳ ಹೆಂಗಸರ ಬಾಯಲ್ಲೂ ಬರತೊಡಗಿದೆ. ಟೀವಿಯಲ್ಲಿ ಒಬ್ಬಾಕೆ ಬಣ್ಣಬಣ್ಣದ ಎಲೆಗಳನ್ನು ಹರಡಿಕೊಂಡು ಕೂತು, ಯಾವ ರಾಶಿಯವರಿಗೆ ಈ ವಾರ ಏನು ಕಾದಿದೆ ಎಂದು ಹೇಳುತ್ತಾಳೆ; ಮೊಬೈಲಿನಲ್ಲಂತೂ ಕೇಳುವುದೇ ಬೇಡ. ಗಿಣಿಶಾಸ್ತ್ರ, ಕಣಿ, ಕವಡೆ ಇವೆಲ್ಲ ಗೊತ್ತಿರುವ ನಾವು ಇದನ್ನೂ ಅದೇ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ಕೆಲವರಿಗೆ ಭಯ, ಕೆಲವರಿಗೆ ತಾತ್ಸಾರ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದ ನನಗೆ ಮಾತ್ರ, ಏನು ಎದುರಿಗೆ ಬಂದರೂ ಇದು ಎಲ್ಲಿಂದ ಬಂತು, ಇದಕ್ಕೆ ಆಧಾರವೇನು ಎಂದು ಕೇಳುವ ಚಾಳಿ.

ಹುಡುಕುತ್ತ ಹೋದಾಗ ಸಿಕ್ಕ ಮೊದಲ ಆಧಾರವೇ ನನಗೆ ಸೋಜಿಗ ತಂದಿತು. ಅದು ಯಾವ ಮಂತ್ರಗ್ರಂಥವೂ ಅಲ್ಲ, ಒಬ್ಬ ನೋಟರಿಯ ದಿನಚರಿ. ಇಟಲಿಯ ಜೂಸ್ಟೋ ಜೂಸ್ಟಿ ಎಂಬಾತ ೧೪೪೦ರ ಸೆಪ್ಟೆಂಬರ್ ೧೬ರಂದು ತನ್ನ ಡೈರಿಯಲ್ಲಿ ಹೀಗೊಂದು ಲೆಕ್ಕ ಬರೆದಿಟ್ಟ: ರಿಮಿನಿಯ ಒಡೆಯ ಸಿಗಿಸ್ಮೊಂಡೊ ಮಲಟೆಸ್ಟಾನಿಗೆ ಆತನ ಲಾಂಛನವನ್ನೇ ಬರೆಸಿದ ಒಂದು ಕಟ್ಟು ಎಲೆಗಳನ್ನು ಫ್ಲಾರೆನ್ಸಿನಲ್ಲಿ ಮಾಡಿಸಿ ಕಾಣಿಕೆ ಕೊಟ್ಟೆ, ನಾಲ್ಕೂವರೆ ಡುಕಾಟ್ ನಾಣ್ಯ ಖರ್ಚಾಯಿತು. ಈ ಎಲೆಗಳ ಬಗ್ಗೆ ಇದುವರೆಗೆ ಸಿಕ್ಕಿರುವ ಬರಹಗಳಲ್ಲಿ ಇದೇ ಹಳೆಯದು. ಭವಿಷ್ಯದ ಸುದ್ದಿ ಅದರಲ್ಲಿಲ್ಲ. ಮದುವೆಮನೆಯ ಮುಯ್ಯಿಯ ಪಟ್ಟಿಯ ಹಾಗೆ ಯಾರಿಗೆ ಏನು ಕೊಟ್ಟೆ, ಎಷ್ಟಾಯಿತು, ಅಷ್ಟೇ.

ಅಂದರೆ ಟ್ಯಾರೋ ಹುಟ್ಟಿದ್ದು ಆಟದ ಎಲೆಯಾಗಿ. ಇಸ್ಪೀಟಿನ ಎಲೆಗಳು ೧೪ನೆಯ ಶತಮಾನದಲ್ಲಿ ಮುಸ್ಲಿಂ ನಾಡುಗಳಿಂದ ಯೂರೋಪಿಗೆ ಹೋದವು. ಈಜಿಪ್ಟಿನ ಮಮ್ಲೂಕ್ ಸುಲ್ತಾನರ ಕಾಲದ ಎಲೆಗಳಲ್ಲಿ ಬಟ್ಟಲು, ನಾಣ್ಯ, ಕತ್ತಿ, ಪೋಲೋ ಕೋಲು ಎಂಬ ನಾಲ್ಕು ಬಣ್ಣಗಳಿದ್ದವು. ಇಟಲಿಯವರು ಅವನ್ನೇ ಇಟ್ಟುಕೊಂಡರು. ಪೋಲೋ ಆಟ ಗೊತ್ತಿಲ್ಲದ್ದರಿಂದ ಅದು ಬರಿಯ ಕೋಲಾಯಿತು. ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅಷ್ಟು ಆಸ್ಥೆಯಿಂದ ಬೆಳೆಸಿದ ಗಂಜೀಫ ಎಲೆಗಳೂ ಈ ದೊಡ್ಡ ಬಳಗಕ್ಕೇ ಸೇರಿದವು.

ಇಟಲಿಯವರು ಮಾಡಿದ ಹೊಸತೆಂದರೆ, ೫೬ ಎಲೆಗಳ ಕಟ್ಟಿಗೆ ಮತ್ತೆ ೨೨ ಚಿತ್ರದ ಎಲೆಗಳನ್ನು ಸೇರಿಸಿದ್ದು. ಮರುಳ, ಸಾಮ್ರಾಜ್ಞಿ, ಪ್ರೇಮಿಗಳು, ವಿರಾಗಿ, ಅದೃಷ್ಟದ ಚಕ್ರ, ಸಾವು, ಚಂದ್ರ, ಸೂರ್ಯ ಹೀಗೆ. ಇವಕ್ಕೆ 'ತ್ರಿಯೋನ್ಫಿ' ಎಂದು ಹೆಸರು. ಇಂಗ್ಲಿಷಿನ 'ಟ್ರಂಪ್' ಹುಟ್ಟಿದ್ದು ಇದರಿಂದ. ನಾವು ತುರುಪು ಎನ್ನುತ್ತೇವಲ್ಲ, ಅದೇ. ಒಟ್ಟು ೭೮ ಎಲೆ. ಮಿಲಾನಿನ ವಿಸ್ಕೊಂಟಿ ಮತ್ತು ಸ್ಫೋರ್ಜಾ ಮನೆತನದವರು ಚಿನ್ನದ ರೇಕು ಹಚ್ಚಿಸಿ ಬರೆಸಿಕೊಂಡ ಒಂದು ಕಟ್ಟಿನಲ್ಲಿ ೭೪ ಎಲೆಗಳು ಇಂದಿಗೂ ಉಳಿದಿವೆ. ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯ, ಬೆರ್ಗಾಮೊದ ಕರಾರಾ ಅಕಾಡೆಮಿ ಮತ್ತು ಒಂದು ಮನೆತನದ ನಡುವೆ ಅವು ಹಂಚಿಹೋಗಿವೆ.

ಹೀಗೆ ಮೂರು ಶತಮಾನದ ಮೇಲೆ ಜನ ಇದನ್ನು ಮುಖ್ಯವಾಗಿ ಆಡಿದರು. ಗೆದ್ದರು, ಸೋತರು, ಎದ್ದು ಮನೆಗೆ ಹೋದರು. ೧೭೮೧ರಲ್ಲಿ ಪ್ಯಾರಿಸ್ಸಿನ ಕೂರ್ ದ ಜೆಬೆಲೆನ್ ಎಂಬ ಪಂಡಿತ ತನ್ನ ಗ್ರಂಥದ ಎಂಟನೆಯ ಸಂಪುಟದಲ್ಲಿ, ಇದು ಆಟವೇ ಅಲ್ಲ, ಪ್ರಾಚೀನ ಈಜಿಪ್ಟಿನ ಪುರೋಹಿತರು ಬಚ್ಚಿಟ್ಟ ಜ್ಞಾನದ ಪುಸ್ತಕ ಎಂದು ಸಾರಿದ. ಒಬ್ಬ ಹೆಂಗಸಿನ ಮನೆಯಲ್ಲಿ ಆಡುವುದನ್ನು ಕಂಡು, ಕಾಲು ಗಂಟೆಯಲ್ಲಿ ಎಲ್ಲ ಎಲೆಗಳ ಅರ್ಥವನ್ನೂ ಬಿಡಿಸಿದೆನೆಂದು ಆತನೇ ಹೇಳಿಕೊಂಡಿದ್ದಾನೆ! ಆಗಿನ್ನೂ ಈಜಿಪ್ಟಿನ ಚಿತ್ರಲಿಪಿಯನ್ನು ಓದಲು ಯಾರಿಗೂ ಬರುತ್ತಿರಲಿಲ್ಲ. ೧೮೨೨ರಲ್ಲಿ ಶಾಂಪೋಲಿಯನ್ ಅದನ್ನು ಬಿಡಿಸಿದ ಮೇಲೆ ನೋಡಿದರೆ ಟ್ಯಾರೋದ ಸುಳಿವು ಅದರಲ್ಲಿ ಎಲ್ಲೂ ಇಲ್ಲ. ಆದರೆ ಅಷ್ಟರಲ್ಲಿ ಕತೆ ಊರು ಸುತ್ತಿ ಬಂದಿತ್ತು. ತನ್ನ ಹೆಸರನ್ನೇ ತಿರುವಿ 'ಎತೆಯ್ಲಾ' ಎಂದಿಟ್ಟುಕೊಂಡ ಅಲಿಯೆತ್ ಎಂಬಾತ ೧೭೮೫ರಿಂದಲೇ ಈ ಎಲೆಗಳಿಂದ ಭವಿಷ್ಯ ಹೇಳುವ ಪುಸ್ತಕಗಳನ್ನು ಬರೆದು ಅದನ್ನೊಂದು ವೃತ್ತಿಯನ್ನಾಗಿ ಮಾಡಿದ್ದ. ಇದನ್ನೆಲ್ಲ ದಾಖಲೆಗಳ ಸಮೇತ ಬಿಡಿಸಿ ತೋರಿಸಿದವರು ಮೈಕೆಲ್ ಡಮೆಟ್ ಎಂಬ ಆಕ್ಸ್‌ಫರ್ಡಿನ ತತ್ವಶಾಸ್ತ್ರಜ್ಞರು, ೧೯೮೦ರಲ್ಲಿ.

ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ತಾತ್ಸಾರದವರ ಗುಂಪಿಗೆ ಸೇರುತ್ತಿದ್ದೆನೇನೋ. ಆದರೆ ಈ ಕತೆಯಲ್ಲಿ ಒಬ್ಬ ಹೆಂಗಸು ಬರುತ್ತಾಳೆ.

ಪಮೇಲಾ ಕೋಲ್‌ಮನ್ ಸ್ಮಿತ್ ಹುಟ್ಟಿದ್ದು ೧೮೭೮ರಲ್ಲಿ, ಲಂಡನ್ನಿನಲ್ಲಿ. ತಂದೆತಾಯಿ ಅಮೆರಿಕದವರು. ಬಾಲ್ಯದ ಕೆಲವು ವರ್ಷ ಜಮೈಕಾದಲ್ಲಿ ಕಳೆದು, ಅಲ್ಲಿಯ ಜನಪದ ಕತೆಗಳನ್ನು ಕೇಳಿ ಬೆಳೆದು, ಮುಂದೆ ತಾನೇ ಚಿತ್ರ ಬರೆದು ಅವುಗಳ ಪುಸ್ತಕ ತಂದಳು. ಲಂಡನ್ನಿನಲ್ಲಿ ೧೮೮೮ರಲ್ಲಿ 'ಗೋಲ್ಡನ್ ಡಾನ್' ಎಂಬ ಗುಪ್ತ ಸಂಘ ಹುಟ್ಟಿತ್ತು. ಆ ಕಾಲಕ್ಕೇ ಹೆಂಗಸರನ್ನೂ ಗಂಡಸರಷ್ಟೇ ಸಮನಾಗಿ ಸೇರಿಸಿಕೊಂಡದ್ದು ಅದರ ಒಂದು ಹೆಚ್ಚುಗಾರಿಕೆ. ಸಂಘದ ಪಾಠಗಳನ್ನು ಮುದ್ರಿಸುತ್ತಿರಲಿಲ್ಲ. ಸದಸ್ಯರು ಟ್ಯಾರೋ ಪಾಠವನ್ನೂ ಸೇರಿಸಿ ಎಲ್ಲವನ್ನೂ ತಮ್ಮ ತಮ್ಮ ನೋಟುಪುಸ್ತಕದಲ್ಲಿ ಕೈಯಾರೆ ನಕಲು ಮಾಡಿಕೊಳ್ಳಬೇಕಿತ್ತು. ಪಮೇಲಾ ೧೯೦೧ರಲ್ಲಿ ಅಲ್ಲಿ ಸೇರಿದಳು. ೧೯೦೯ರಲ್ಲಿ ಆ ಬಳಗದ ಎ. ಇ. ವೇಟ್ ಎಂಬ ವಿದ್ವಾಂಸ ಹೊಸ ಟ್ಯಾರೋ ಕಟ್ಟೊಂದಕ್ಕೆ ಚಿತ್ರ ಬರೆದುಕೊಡು ಎಂದಾಗ, ಸುಮಾರು ಆರು ತಿಂಗಳಲ್ಲಿ ೭೮ ಚಿತ್ರಗಳನ್ನೂ ಮುಗಿಸಿಕೊಟ್ಟಳು.

ಆಕೆ ಮಾಡಿದ ದೊಡ್ಡ ಕೆಲಸ ಯಾವುದೆಂದರೆ, ಹಿಂದಿನ ಕಟ್ಟುಗಳಲ್ಲಿ ಸಾಮಾನ್ಯವಾಗಿ ಬರಿಯ ಆರು ಬಟ್ಟಲು, ಎಂಟು ಕತ್ತಿ ಎಂದು ಎಣಿಕೆ ಮಾತ್ರ ಇರುತ್ತಿದ್ದ ಸಣ್ಣ ಎಲೆಗಳಿಗೂ ಒಂದೊಂದು ಸನ್ನಿವೇಶ ಬರೆದದ್ದು. ಆರು ಬಟ್ಟಲಿನ ಎಲೆಯಲ್ಲಿ, ಹಳೆಯ ಮನೆಯೊಂದರ ಅಂಗಳದಲ್ಲಿ ಒಬ್ಬ ಹುಡುಗ ಪುಟ್ಟ ಹುಡುಗಿಗೆ ಹೂವು ತುಂಬಿದ ಬಟ್ಟಲು ಕೊಡುತ್ತಿದ್ದಾನೆ. ಎಂಟು ಕತ್ತಿಯ ಎಲೆಯಲ್ಲಿ, ಕಣ್ಣಿಗೂ ಮೈಗೂ ಬಟ್ಟೆ ಕಟ್ಟಿಸಿಕೊಂಡ ಒಬ್ಬ ಹೆಂಗಸು ನಿಂತಿದ್ದಾಳೆ. ಸುತ್ತ ಕತ್ತಿ ನೆಟ್ಟಿದೆ, ಆದರೆ ಕಾಲು ಕಟ್ಟಿಲ್ಲ. ಜನ ಹೆದರುವ ಸಾವಿನ ಎಲೆಯಲ್ಲೂ ಕುದುರೆ ಏರಿ ಬರುವ ಅಸ್ಥಿಪಂಜರದ ಹಿಂದೆ, ದೂರದಲ್ಲಿ ಎರಡು ಗೋಪುರಗಳ ನಡುವೆ ಒಬ್ಬ ಸೂರ್ಯನಿದ್ದಾನೆ. ಇಂಥ ಚಿತ್ರ ನೋಡಿದರೆ ಯಾರಿಗಾದರೂ ಏನಾದರೂ ನೆನಪಾಗದೆ ಇರದು.

ಇಷ್ಟು ಮಾಡಿದವಳಿಗೆ ಸಿಕ್ಕದ್ದೇನು? ಬಹಳ ದೊಡ್ಡ ಕೆಲಸ, ತೀರ ಅಲ್ಪ ಹಣ ಎಂಬರ್ಥದ ಮಾತನ್ನು ಅದೇ ವರ್ಷ ನ್ಯೂಯಾರ್ಕಿನ ಛಾಯಾಗ್ರಾಹಕ ಸ್ಟೀಗ್ಲಿಟ್ಜ್ ಅವರಿಗೆ ಕಾಗದದಲ್ಲಿ ಬರೆದಳು. ಎಲೆಗಳು ಲೋಕದಲ್ಲೆಲ್ಲ ಹರಡಿದ್ದು ಪ್ರಕಾಶಕನ ಹೆಸರು ಮತ್ತು ವೇಟ್‌ನ ಹೆಸರು ಸೇರಿಸಿ 'ರೈಡರ್-ವೇಟ್' ಎಂದು. ಚಿತ್ರದ ಮೂಲೆಯಲ್ಲಿ ಬಳ್ಳಿಯ ಹಾಗೆ ಸುತ್ತಿಕೊಂಡ ಆಕೆಯ ಸಹಿಯಷ್ಟೇ ಸಾಕ್ಷಿ. ೧೯೫೧ರಲ್ಲಿ ಕಾರ್ನ್‌ವಾಲಿನ ಬ್ಯೂಡ್ ಎಂಬ ಊರಿನಲ್ಲಿ ಬಡತನದಲ್ಲೇ ತೀರಿಕೊಂಡಳು. ಮನೆಯ ಸಾಮಾನು ಮಾರಿ ಸಾಲ ತೀರಿಸಬೇಕಾಯಿತು. ಇತ್ತೀಚಿನ ವರ್ಷಗಳಲ್ಲಿ 'ರೈಡರ್-ವೇಟ್-ಸ್ಮಿತ್' ಎಂದು ಆಕೆಯ ಹೆಸರನ್ನೂ ಸೇರಿಸಿ ಹೇಳುವ ರೂಢಿ ಬಂದಿದೆ.

ಈ ಚಿತ್ರಗಳಿದ್ದುದರಿಂದಲೇ ಮುಂದೆ ಇನ್ನೊಂದು ದಾರಿ ತೆರೆಯಿತು. ೧೯೮೪ರಲ್ಲಿ ಮೇರಿ ಗ್ರೀರ್ ಎಂಬ ಅಮೆರಿಕದ ಲೇಖಕಿ, ಎಲೆ ಓದಿಸಲು ಬೇರೆಯವರ ಹತ್ತಿರ ಹೋಗಬೇಡಿ, ನಿಮಗೆ ನೀವೇ ಓದಿಕೊಳ್ಳಿ, ಓದಿದ್ದನ್ನು ಬರೆದಿಡಿ ಎಂದು ಹೇಳುವ ಅಭ್ಯಾಸ ಪುಸ್ತಕವೊಂದನ್ನು ಪ್ರಕಟಿಸಿದರು. ಟ್ಯಾರೋ ದಿನಚರಿ ಎಂಬುದು ಹೆಚ್ಚು ಜನರ ಕೈಗೆ ಬಂದದ್ದು ಇಂಥ ಪುಸ್ತಕಗಳಿಂದ.

ನನ್ನ ಅಕ್ಕನ ಮಗಳೊಬ್ಬಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳು ಇಡುವ ನೋಟುಬುಕ್ಕನ್ನು ನಾನು ಕಂಡಿದ್ದೇನೆ. ಬೆಳಿಗ್ಗೆ ಕಣ್ಣುಮುಚ್ಚಿ ಒಂದು ಎಲೆ ತೆಗೆಯುತ್ತಾಳೆ. ತಾರೀಖು, ಎಲೆಯ ಹೆಸರು, ಚಿತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು, ಆಗ ಮನಸ್ಸಿಗೆ ಬಂದದ್ದು ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಅರ್ಧ ಪುಟ ಖಾಲಿ ಬಿಡುತ್ತಾಳೆ. ರಾತ್ರಿ ಮಲಗುವ ಮೊದಲು ಆ ದಿನ ನಡೆದದ್ದನ್ನು ಖಾಲಿ ಜಾಗದಲ್ಲಿ ಬರೆಯುತ್ತಾಳೆ. ಪುಸ್ತಕದ ಅರ್ಥ ನೋಡುವುದು ತನ್ನದನ್ನು ಬರೆದಾದ ಮೇಲೆ. ತಿಂಗಳಿಗೊಮ್ಮೆ ಹಿಂದಿನದನ್ನೆಲ್ಲ ಓದುತ್ತಾಳೆ. "ಚಿಕ್ಕಮ್ಮ, ಎಲೆಗಿಂತ ಆ ತಿಂಗಳ ಓದೇ ಮುಖ್ಯ," ಎಂದಳು. ಮಕ್ಕಳಿಗೆ ಉತ್ತರ ಬರೆದಾದ ಮೇಲೆ ಗೈಡು ನೋಡಿ ಎಂದು ವರ್ಷಗಟ್ಟಲೆ ಹೇಳಿದ ನನಗೆ ಈ ಕ್ರಮ ಒಪ್ಪಿಗೆಯಾಯಿತು.

ಬರೆದಿಡುವುದು ಏಕೆ ಅಷ್ಟು ಮುಖ್ಯ ಎಂಬುದಕ್ಕೆ ಒಂದು ಪ್ರಯೋಗದ ಕತೆ ಹೇಳಬೇಕು. ೧೯೪೮ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ ೩೯ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ವಾರದ ಮೇಲೆ ಅವರವರ ಸ್ವಭಾವದ ವರ್ಣನೆಯೆಂದು ಒಂದೊಂದು ಹಾಳೆ ಕೈಗಿತ್ತ. ಎಷ್ಟು ಸರಿಯಿದೆ ಎಂದು ಕೇಳಿದಾಗ ಸರಾಸರಿ ೫ಕ್ಕೆ ೪.೨೬ ಅಂಕ ಬಂತು. ನಿಜವೆಂದರೆ ಎಲ್ಲರ ಹಾಳೆಯಲ್ಲೂ ಒಂದೇ ಬರಹ. ಅಂಗಡಿಯ ಜ್ಯೋತಿಷ್ಯ ಪುಸ್ತಕದಿಂದ ಎತ್ತಿದ ಸಾಲುಗಳು! 'ನೀವು ಹೊರಗೆ ಗಟ್ಟಿ, ಒಳಗೆ ಮೃದು' ಎಂದರೆ ನಮ್ಮಲ್ಲಿ ಯಾರು ತಾನೇ ಅಲ್ಲವೆನ್ನುತ್ತೇವೆ? ಸಾವಿರಾರು ರೂಪಾಯಿ ಕೊಟ್ಟು ಫೋನಿನಲ್ಲಿ ಭವಿಷ್ಯ ಕೇಳುವ ತಾಯಂದಿರು ಇದನ್ನು ತಿಳಿದಿರುವುದು ಒಳ್ಳೆಯದು. ಬಾಯಿಮಾತಿನಲ್ಲಿ ಹೇಳಿಸಿಕೊಂಡರೆ ಹೊಂದಿದ್ದು ನೆನಪಿರುತ್ತದೆ, ಹೊಂದದ್ದು ಮರೆತುಹೋಗುತ್ತದೆ. ತಾರೀಖು ಹಾಕಿ ಬರೆದಿಟ್ಟರೆ ಎರಡೂ ಕಣ್ಣೆದುರಿಗಿರುತ್ತವೆ. ನೋಟುಬುಕ್ಕು ಇಟ್ಟವಳಿಗೆ ಎಲೆ ಮುಂದಾಗುವುದನ್ನು ಹೇಳುವುದಿಲ್ಲವೆಂಬುದು ನಾಲ್ಕೇ ತಿಂಗಳಲ್ಲಿ ತಾನಾಗಿ ಗೊತ್ತಾಗುತ್ತದೆ.

ಇನ್ನೊಂದು ಪ್ರಯೋಗ ೧೯೮೬ರದು. ಜೇಮ್ಸ್ ಪೆನ್ನಬೇಕರ್ ಎಂಬವರು ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ ೧೫ ನಿಮಿಷ, ಮನಸ್ಸನ್ನು ಕೊರೆಯುವ ವಿಷಯವನ್ನು ಬರೆಯಲು ಹೇಳಿದರು. ಹಾಗೆ ಬರೆದವರು ಮುಂದಿನ ಆರು ತಿಂಗಳಲ್ಲಿ ಡಾಕ್ಟರ ಬಳಿ ಹೋದದ್ದು ಉಳಿದವರಿಗಿಂತ ಕಡಿಮೆ. ನಂತರದ ಪ್ರಯೋಗಗಳಲ್ಲಿ ಫಲ ಒಂದೇ ಸಮನಾಗಿ ಬಂದಿಲ್ಲ. ಆದರೂ ಒಳಗಿನದು ಅಕ್ಷರಕ್ಕಿಳಿದರೆ ಎದೆ ಸ್ವಲ್ಪ ಹಗುರಾಗುವುದು ನಮ್ಮೆಲ್ಲರ ಅನುಭವವೇ.

ನಾನೂ ಒಂದು ಇನ್ನೂರು ಪುಟದ ಪುಸ್ತಕ ಇಟ್ಟೆ. ಅಮ್ಮ ತೀರಿಕೊಂಡ ವರ್ಷ ಅದು. ತವರಿನ ಮನೆಯ ಬಗ್ಗೆ ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕ ಆಗಲೇ ಸಹಿ ಹಾಕಿದ್ದಳು. "ಸುಮ್ಮನೆ ಒಂದು ಸಹಿ ಅಷ್ಟೇ ಕಣಮ್ಮಾ," ಎಂದ ಅಣ್ಣ. "ಆಯ್ತಣ್ಣ, ರಜೆಗೆ ಬಂದಾಗ ನೋಡೋಣ," ಎಂದಿದ್ದೆ. ಯಾರು ಕೇಳಿದರೂ ನನಗೇನೂ ಬೇಡ, ಇರುವುದೇ ಸಾಕು ಎನ್ನುತ್ತಿದ್ದೆ. ರಜೆ ಹತ್ತಿರ ಬಂದಾಗ ಪುಸ್ತಕವನ್ನು ಮೊದಲಿನಿಂದ ಓದಿದೆ. ಯಾವ ಎಲೆ ಬಂದರೂ, ಚಂದ್ರನಿರಲಿ, ಎರಡು ಕೋಲಿರಲಿ, ನಾನು ಬರೆದದ್ದು ಹೆಚ್ಚುಕಡಿಮೆ ಒಂದೇ: ಹಿತ್ತಿಲ ಸಂಪಿಗೆ ಮರ, ಅಮ್ಮನ ರುಬ್ಬುವ ಕಲ್ಲು, ನಡುಮನೆಯಲ್ಲಿ ನಾನು ಎಸ್ಸೆಸ್ಸೆಲ್ಸಿಗೆ ಓದುತ್ತಿದ್ದ ಕಿಟಕಿ. ಒಂದು ಕಡೆ, 'ಸೀರೆ ಕೊಟ್ಟು ಕಳಿಸಿದರೆ ಮುಗಿಯಿತೇ?' ಎಂದು ಬರೆದು ಕೆಳಗೆ ಗೀಟು ಎಳೆದಿತ್ತು. ಅಕ್ಷರ ನನ್ನದೇ.

೨೦೦೫ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ ಎಂದು ತರಗತಿಯಲ್ಲಿ ನಾನೇ ಹೇಳಿಕೊಡುತ್ತಿದ್ದೆ. ರಜೆಗೆ ಹೋದವಳು, "ಅಣ್ಣ, ಈಗ ಸಹಿ ಹಾಕುವುದಿಲ್ಲ, ಕೂತು ಮಾತಾಡೋಣ," ಎಂದೆ. ಎರಡು ತಿಂಗಳು ಅವನಿಂದ ಫೋನಿಲ್ಲ. ಗೌರಿಹಬ್ಬಕ್ಕೆ ಅವನೇ ಮಾಡಿದ. ವಿಷಯ ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ. ಮಾತುಕತೆ ಮಾತ್ರ ನಿಂತಿಲ್ಲ. ಎಲೆ ಹೇಳಿತು ಎಂದು ನಾನು ಯಾರಿಗೂ ಹೇಳುವುದಿಲ್ಲ. ಬಾಯಲ್ಲಿ ಒಂದು ಆಡುತ್ತ ನೋಟುಬುಕ್ಕಿನಲ್ಲಿ ಇನ್ನೊಂದು ಬರೆಯುತ್ತಿದ್ದವಳು ನಾನೇ.

ಆದ್ದರಿಂದ ಟ್ಯಾರೋ ಇಟ್ಟುಕೊಳ್ಳಬೇಕೆಂಬ ಮನಸ್ಸಿದ್ದವರು ಅದರ ಜೊತೆಗೊಂದು ಪುಸ್ತಕವನ್ನೂ ಕೊಳ್ಳಿ. ತಾರೀಖು ಹಾಕಲು ಮರೆಯಬೇಡಿ. ಬರೆದದ್ದನ್ನು ಹೊಡೆದುಹಾಕಬೇಡಿ, ಮನೆಯವರು ಓದುತ್ತಾರೆಂಬ ಅಂಜಿಕೆಯಿದ್ದರೆ ಬೀಗ ಹಾಕುವ ಜಾಗದಲ್ಲಿಡಿ. ಟ್ಯಾರೋ ಕಟ್ಟೇ ಬೇಕೆಂದೂ ಇಲ್ಲ. ಗಂಜೀಫದ ಒಂದು ಎಲೆ, ಕ್ಯಾಲೆಂಡರಿನ ಒಂದು ಚಿತ್ರ, ಹಳೆಯ ಆಲ್ಬಮ್ಮಿನ ಒಂದು ಫೋಟೋ ಎದುರಿಗಿಟ್ಟುಕೊಂಡರೂ ಸಾಕು ಎನ್ನುವುದು ನನ್ನ ಅಭಿಪ್ರಾಯ. ಅಕ್ಕನ ಮಗಳು ಇದನ್ನು ಒಪ್ಪುವುದಿಲ್ಲ. ಪಮೇಲಾಳ ಚಿತ್ರದಲ್ಲಿರುವುದು ಕ್ಯಾಲೆಂಡರಿನಲ್ಲಿ ಎಲ್ಲಿ ಬರಬೇಕು ಚಿಕ್ಕಮ್ಮ ಎಂದು ವಾದಿಸುತ್ತಾಳೆ. ಇರಬಹುದು. ಆರು ಬಟ್ಟಲಿನ ಎಲೆ ಬಂದ ದಿನ ನಾನು ಒಂದೂವರೆ ಪುಟ ಬರೆದಿದ್ದೆ ಎಂಬುದನ್ನಂತೂ ಅವಳಿಗೆ ಹೇಳಿದ್ದೇನೆ.