ಅಂಗಡಿ ವೆಬ್‌ಸೈಟ್‌ಗೆ ಕನ್ನ: ಏನಿದು ಎಸ್‌ಕ್ಯೂಎಲ್ ಇಂಜೆಕ್ಷನ್?

ನಿಮ್ಮ ಅಂಗಡಿಗೆ ವೆಬ್‌ಸೈಟ್ ಇದೆಯಾ? ಅದರಲ್ಲಿ ಗ್ರಾಹಕರ ಹೆಸರು, ಮೊಬೈಲ್ ನಂಬರ್, ವಿಳಾಸ ಇದ್ದರೆ ಇದನ್ನು ಓದಲೇಬೇಕು.

ಹೇಗೆ ನಡೆಯುತ್ತೆ?
ವೆಬ್‌ಸೈಟ್‌ನ ಮಾಹಿತಿಯೆಲ್ಲ ಡೇಟಾಬೇಸ್‌ನಲ್ಲಿರುತ್ತೆ. ಅದಕ್ಕೆ ಆದೇಶ ಕೊಡುವ ಭಾಷೆಯೇ ಎಸ್‌ಕ್ಯೂಎಲ್. ಲಾಗಿನ್ ಅಥವಾ ಸರ್ಚ್ ಬಾಕ್ಸ್‌ನಲ್ಲಿ ಹೆಸರು ಬರೆಯುವ ಬದಲು ಕಳ್ಳರು ಆದೇಶದ ತುಣುಕನ್ನೇ ತುರುಕುತ್ತಾರೆ. ಚೆಕ್‌ನಲ್ಲಿ ಅಂಕಿಯ ಪಕ್ಕ ಜಾಗ ಬಿಟ್ಟರೆ ಇನ್ನೊಂದು ಸೊನ್ನೆ ಸೇರಿಸ್ತಾರಲ್ಲ, ಹಾಗೇ. ಕೋಡ್ ಸರಿಯಿಲ್ಲದಿದ್ದರೆ ಡೇಟಾಬೇಸ್ ಅದನ್ನೂ ನಂಬಿ ಮಾಹಿತಿ ಕೊಟ್ಟುಬಿಡುತ್ತೆ.

ದೊಡ್ಡವರಿಗೂ ತಪ್ಪಿಲ್ಲ
2015ರಲ್ಲಿ ಬ್ರಿಟನ್‌ನ ಟಾಕ್‌ಟಾಕ್ ಟೆಲಿಕಾಂ ಕಂಪನಿಯ 1,56,959 ಗ್ರಾಹಕರ ಮಾಹಿತಿ ಹೀಗೇ ಕಳವಾಯಿತು. ಕಳ್ಳರು ನುಗ್ಗಿದ್ದು, ಬೇರೊಂದು ಕಂಪನಿಯನ್ನು ಖರೀದಿಸಿದಾಗ ಜತೆಗೆ ಬಂದಿದ್ದ ಹಳೇ ವೆಬ್ ಪುಟಗಳ ಮೂಲಕ. ಮರುವರ್ಷ ಕಂಪನಿಗೆ 4 ಲಕ್ಷ ಪೌಂಡ್ ದಂಡ ಬಿತ್ತು.

ವೆಬ್‌ಸೈಟ್ ಮಾಡಿಕೊಟ್ಟವರನ್ನು ಕೇಳಿ
* ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’ ಬಳಸಿದ್ದೀರಾ? ಬಳಸಿದ್ದರೆ ಬಾಕ್ಸ್‌ನಲ್ಲಿ ಏನೇ ಬರೆದರೂ ಅದು ಬರೀ ಮಾಹಿತಿ, ಆದೇಶ ಆಗಲ್ಲ. ಮುಖ್ಯವಾದ ರಕ್ಷಣೆ ಇದೇ.
* ವೆಬ್‌ಸೈಟ್ ಬಳಸುವ ಡೇಟಾಬೇಸ್ ಖಾತೆಗೆ ಅಗತ್ಯವಿರುವಷ್ಟೇ ಅಧಿಕಾರ ಕೊಟ್ಟಿದ್ದೀರಾ?
* ಸಾಫ್ಟ್‌ವೇರ್, ಪ್ಲಗಿನ್‌ಗಳು ಅಪ್‌ಡೇಟ್ ಆಗಿವೆಯಾ? ಬಳಸದ ಹಳೇ ಪುಟಗಳನ್ನು ತೆಗೆದಿದ್ದೀರಾ?
* ಬ್ಯಾಕಪ್ ಬೇರೆ ಕಡೆ ಇದೆಯಾ?

ನೆನಪಿರಲಿ: ವಿಳಾಸದಲ್ಲಿ ‘ಎಚ್‌ಟಿಟಿಪಿಎಸ್’ ಇದ್ದ ಮಾತ್ರಕ್ಕೆ ಈ ದಾಳಿ ನಿಲ್ಲಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಗ್ರಾಹಕರು ನಿಮ್ಮನ್ನು ನಂಬಿ ನಂಬರ್ ಕೊಟ್ಟಿರುತ್ತಾರೆ. ಅದನ್ನು ಕಾಯೋದು ಅಂಗಡಿಯವರ ಹೊಣೆ.